ಹೊಟ್ಟೆ ಒಪ್ಪುವಷ್ಟೇ ವ್ಯಾಟ್

ಪೂರ್ಣ ದೂರದ ಟ್ರಯಥ್ಲಾನ್ (3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಆಮೇಲೆ ಮ್ಯಾರಥಾನ್ ಓಟ) ನಡೆಯುವಾಗ, ಸೈಕಲ್ ಬಿಟ್ಟು ಓಟಕ್ಕೆ ಇಳಿಯುವ ಜಾಗದಲ್ಲಿ ಅರ್ಧ ಗಂಟೆ ನಿಂತು, ಸವಾರರು ಸ್ಟ್ಯಾಂಡಿಗೆ ಸಿಕ್ಕಿಸಿ ಹೋದ ಸೈಕಲ್‌ಗಳನ್ನು ಒಂದೊಂದಾಗಿ ನೋಡಬೇಕು. ಬೆಳಗಿನ ಜಾವ ಫ್ರೇಮಿನ ಮೇಲೆ ಟೇಪ್ ಹಾಕಿ ಸಾಲಾಗಿ ಅಂಟಿಸಿದ ಜೆಲ್‌ಗಳಲ್ಲಿ (ಹಿಂಡಿ ತಿನ್ನುವ ಸಕ್ಕರೆ ಪಾಕದ ಪೊಟ್ಟಣಗಳು) ಅರ್ಧಕ್ಕರ್ಧ ಹಾಗೇ ಇರುತ್ತವೆ. ಸೀಟಿನ ಹಿಂದಿನ ಬಾಟಲಿಯಲ್ಲಿ ಮುಕ್ಕಾಲು ಪಾನೀಯ ಬಿಸಿಲಿಗೆ ಕಾದು ಉಳಿದಿರುತ್ತದೆ. ಏರೊಬಾರ್ (ಗಾಳಿಗೆ ತಲೆ ತಗ್ಗಿಸಿ ಮುಂಗೈ ಊರಿ ಕೂರುವ ಹ್ಯಾಂಡಲ್) ನಡುವಿನ ಬಾಟಲಿಯ ಸ್ಟ್ರಾ ಒಣಗಿ ಅಂಟಂಟಾಗಿರುತ್ತದೆ. ತಯಾರಿ ಇಲ್ಲದೆ ಬಂದವರ ಸೈಕಲ್‌ಗಳೇನಲ್ಲ ಇವು. ಗಂಟೆಗೆ ಎಷ್ಟು ಗ್ರಾಂ, ಎಷ್ಟು ಮಿಲಿ ಎಂದು ಚೀಟಿ ಬರೆದು ಹ್ಯಾಂಡಲ್‌ಗೆ ಅಂಟಿಸಿಕೊಂಡು ಹೊರಟವರ ಸೈಕಲ್‌ಗಳೇ. ಎರಡು ಗಂಟೆ ಕಳೆದ ಮೇಲೆ ಓಟದ ದಾರಿಗೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು ನಡೆಯುತ್ತಿರುವವರ ನಂಬರುಗಳನ್ನು ಆ ಸೈಕಲ್‌ಗಳ ನಂಬರುಗಳ ಜೊತೆ ತಾಳೆ ನೋಡಿದರೆ ಕಥೆ ಅರ್ಧ ಅಲ್ಲೇ ತಿಳಿಯುತ್ತದೆ.

ಅವರನ್ನು ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ ಮಾತು: 'ಕಾಲು ಚೆನ್ನಾಗಿಯೇ ಇತ್ತು, ಹೊಟ್ಟೆ ಕೈಕೊಟ್ಟಿತು.' ಈ ಮಾತು ಬಹಳ ದಿನಗಳಿಂದ ನನ್ನನ್ನು ಕಾಡುತ್ತಿದೆ. ಏಕೆಂದರೆ ಹೊಟ್ಟೆ ತಾನಾಗಿಯೇ ಕೈಕೊಡುವುದು ಕಡಿಮೆ. ಆ ಹೊತ್ತಿಗೆ ಕಾಲು ಅದಕ್ಕೆ ಹೋಗಬೇಕಾದ ರಕ್ತವನ್ನೆಲ್ಲ ತನ್ನ ಕಡೆ ಎಳೆದುಕೊಂಡು ಎರಡು ಮೂರು ಗಂಟೆ ಆಗಿರುತ್ತದೆ. ಸೈಕಲ್ ಹಂತಕ್ಕೆ ನಾವು ಎರಡು ಯೋಜನೆ ಮಾಡುತ್ತೇವೆ. ಎಷ್ಟು ವ್ಯಾಟ್ ತುಳಿಯಬೇಕು ಎಂಬುದು ಒಂದು ಹಾಳೆಯಲ್ಲಿ, ಏನು ತಿನ್ನಬೇಕು ಎಂಬುದು ಇನ್ನೊಂದು ಹಾಳೆಯಲ್ಲಿ. ಒಂದನ್ನು ಕೋಚ್ ಬರೆಯುತ್ತಾರೆ, ಇನ್ನೊಂದನ್ನು ಜೆಲ್ ಪೊಟ್ಟಣದ ಹಿಂಬದಿ ನೋಡಿ ನಾವೇ ಬರೆದುಕೊಳ್ಳುತ್ತೇವೆ. ನನ್ನ ಪ್ರಕಾರ ಇವು ಎರಡಲ್ಲ. ಎಷ್ಟು ತುಳಿಯಬಹುದು ಎಂಬುದನ್ನು ಎಫ್‌ಟಿಪಿ (ಸುಮಾರು ಒಂದು ಗಂಟೆ ಎಡೆಬಿಡದೆ ತುಳಿಯಬಲ್ಲ ಗರಿಷ್ಠ ವ್ಯಾಟ್) ಅರ್ಧ ತೀರ್ಮಾನಿಸಿದರೆ, ಇನ್ನರ್ಧವನ್ನು ತೀರ್ಮಾನಿಸುವುದು ತಿಂದದ್ದರಲ್ಲಿ ಎಷ್ಟು ರಕ್ತಕ್ಕೆ ಸೇರುತ್ತದೆ ಎಂಬುದು.

ಎರಡು ಹಾಳೆ, ಒಂದೇ ಲೆಕ್ಕ

ಲೆಕ್ಕಕ್ಕೆ ಒಬ್ಬ ಸವಾರನನ್ನು ಇಟ್ಟುಕೊಳ್ಳೋಣ. ಎಫ್‌ಟಿಪಿ 250 ವ್ಯಾಟ್. 180 ಕಿ.ಮೀ. ಅನ್ನು 6 ಗಂಟೆಯಲ್ಲಿ ಮುಗಿಸುವ ಅಂದಾಜು. ಸರಾಸರಿ 175 ವ್ಯಾಟ್, ಅಂದರೆ ಎಫ್‌ಟಿಪಿಯ ಶೇ. 70. ಒಂದು ವ್ಯಾಟನ್ನು ಒಂದು ಗಂಟೆ ತುಳಿದರೆ 3.6 ಕಿಲೋಜೌಲ್ ಕೆಲಸ. ಹಾಗಾಗಿ ಗಂಟೆಗೆ 630 ಕಿಲೋಜೌಲ್. ದೇಹ ಸುಡುವ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಪೆಡಲಿಗೆ ಬರುತ್ತದೆ, ಉಳಿದದ್ದು ಶಾಖ. ಒಂದು ಕ್ಯಾಲೊರಿಗೆ ನಾಲ್ಕು ಚಿಲ್ಲರೆ ಜೌಲ್. ಈ ಎರಡೂ ಒಂದಕ್ಕೊಂದು ವಜಾ ಆಗುವುದರಿಂದ ಪವರ್ ಮೀಟರ್ ತೋರಿಸುವ ಕಿಲೋಜೌಲ್ ಅನ್ನೇ ಹೆಚ್ಚುಕಡಿಮೆ ಕಿಲೋಕ್ಯಾಲೊರಿ ಎಂದು ಓದಬಹುದು. ಗಂಟೆಗೆ 630 ಕಿಲೋಕ್ಯಾಲೊರಿ. ಈ ತೀವ್ರತೆಯಲ್ಲಿ ಅದರ ಶೇ. 60ರಷ್ಟು ಕಾರ್ಬ್‌ನಿಂದ (ಕಾರ್ಬೋಹೈಡ್ರೇಟ್), ಉಳಿದದ್ದು ಕೊಬ್ಬಿನಿಂದ ಬರುತ್ತದೆ ಎಂದುಕೊಳ್ಳೋಣ. ಈ ಪಾಲು ಒಬ್ಬರಿಂದೊಬ್ಬರಿಗೆ ಬದಲಾಗುತ್ತದೆ, ಆದರೆ ಲೆಕ್ಕದ ದಿಕ್ಕು ಬದಲಾಗುವುದಿಲ್ಲ. ಹಾಗಾದರೆ ಗಂಟೆಗೆ ಸುಮಾರು 95 ಗ್ರಾಂ ಕಾರ್ಬ್ ಖರ್ಚು. ಬಾಯಿಂದ 75 ಗ್ರಾಂ ಹೋಗುತ್ತಿದ್ದರೆ ಕೊರತೆ ಗಂಟೆಗೆ 20 ಗ್ರಾಂ, ಆರು ಗಂಟೆಗೆ 120 ಗ್ರಾಂ. ಸ್ನಾಯುಗಳಲ್ಲಿ 400ರಿಂದ 500, ಯಕೃತ್ತಿನಲ್ಲಿ 100ರ ಆಸುಪಾಸು ಗ್ರಾಂ ಗ್ಲೈಕೋಜನ್ (ದೇಹ ಕೂಡಿಟ್ಟ ಕಾರ್ಬ್) ಇಟ್ಟುಕೊಂಡು ಹೊರಟವನಿಗೆ ಇದು ತಡೆಯುವ ಖರ್ಚು. ಮ್ಯಾರಥಾನ್‌ಗೆ ಸಾಕಷ್ಟು ಉಳಿಯುತ್ತದೆ.

ಅದೇ ಸವಾರ ಹುರುಪಿನಲ್ಲಿ 195 ವ್ಯಾಟ್ ತುಳಿದ ಎನ್ನೋಣ. ಎಫ್‌ಟಿಪಿಯ ಶೇ. 78. ಗಾಳಿಯ ತಡೆ ಗೆಲ್ಲಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ, ಶೇ. 11 ಹೆಚ್ಚು ವ್ಯಾಟ್ ಕೊಟ್ಟರೆ ಸಿಗುವುದು ಶೇ. 3.7ರಷ್ಟು ವೇಗ. ಆರು ಗಂಟೆಯಲ್ಲಿ ಉಳಿಯುವುದು 13 ನಿಮಿಷ. ಖರ್ಚಿನ ಕಡೆ ನೋಡಿ: ಗಂಟೆಗೆ 700 ಕಿಲೋಕ್ಯಾಲೊರಿ, ತೀವ್ರತೆ ಏರಿದ್ದರಿಂದ ಕಾರ್ಬ್‌ನ ಪಾಲು ಶೇ. 70ರ ಹತ್ತಿರ, ಅಂದರೆ ಗಂಟೆಗೆ 123 ಗ್ರಾಂ. ಅದೇ 75 ಗ್ರಾಂ ತಿಂದರೂ ಒಟ್ಟು ಕೊರತೆ ಸುಮಾರು 280 ಗ್ರಾಂ. ವ್ಯಾಟ್ ಶೇ. 11 ಏರಿದ್ದಕ್ಕೆ ಕೊರತೆ ಎರಡೂಕಾಲು ಪಟ್ಟಿಗೂ ಮೀರಿತು. ಇಷ್ಟಕ್ಕೇ ಮುಗಿಯುವುದಿಲ್ಲ. ಈ ತೀವ್ರತೆಯಲ್ಲಿ ಕರುಳಿಗೆ ರಕ್ತ ಕಡಿಮೆ, ಮೈಯ ಶಾಖ ಹೆಚ್ಚು, ಹೊಟ್ಟೆ ನಿಧಾನ. 75 ಗ್ರಾಂ ತಿನ್ನಬೇಕೆಂದಿದ್ದವನು ಮೂರನೇ ಗಂಟೆಗೆ ಮುಖ ಸಿಂಡರಿಸಿಕೊಂಡು ಸರಾಸರಿ 50ಕ್ಕೆ ಇಳಿದಿರುತ್ತಾನೆ. ಆಗ ಕೊರತೆ 420 ಗ್ರಾಂ. ಕಣಜ ಬಹುತೇಕ ಖಾಲಿ. ಓಟದ ಕೊನೆಯ 20 ಕಿ.ಮೀ.ನಲ್ಲಿ ಪ್ರತಿ ಕಿ.ಮೀ.ಗೆ ಒಂದೂವರೆ ನಿಮಿಷ ನಿಧಾನವಾದರೂ 30 ನಿಮಿಷ ಹೋಯಿತು. ನಡೆಯಬೇಕಾಗಿ ಬಂದರಂತೂ ಒಂದು ಗಂಟೆಯೂ ಹೋಗಬಹುದು. 13 ನಿಮಿಷ ಉಳಿಸಲು ಕೊಟ್ಟ ಬೆಲೆ ಇದು.

ಆದ್ದರಿಂದ ಯೋಜನೆಯನ್ನು ಹಿಂದಿನಿಂದ ಬರೆಯುವುದು ಒಳ್ಳೆಯದು. ರೇಸ್ ದಿನದ ಬಿಸಿಲಿನಲ್ಲಿ, ಏರೊ ಭಂಗಿಯಲ್ಲಿ, ಗಂಟೆಗೆ ಎಷ್ಟು ಗ್ರಾಂ ತಕರಾರಿಲ್ಲದೆ ಇಳಿಯುತ್ತದೆ ಎಂಬುದನ್ನು ಅಭ್ಯಾಸದಲ್ಲಿ ಕಂಡುಕೊಳ್ಳಬೇಕು. ಅದು 60 ಗ್ರಾಂ ಆಗಿದ್ದರೆ 90 ಗ್ರಾಂ ಇಳಿಸಬಲ್ಲವರ ವ್ಯಾಟ್ ಗುರಿಯನ್ನು ಇಟ್ಟುಕೊಳ್ಳಬಾರದು, ಎಫ್‌ಟಿಪಿ ಇಬ್ಬರದೂ ಒಂದೇ ಆಗಿದ್ದರೂ. ಒರಟಾಗಿ ಹೇಳುವುದಾದರೆ, 5 ಗಂಟೆಯಲ್ಲಿ ಮುಗಿಸುವವರಿಗೆ ಎಫ್‌ಟಿಪಿಯ ಶೇ. 72ರಿಂದ 75, 6 ಗಂಟೆಯವರಿಗೆ ಶೇ. 68ರಿಂದ 72, 7 ಗಂಟೆ ದಾಟುವವರಿಗೆ ಶೇ. 60ರಿಂದ 67. ಈ ಅಂತರದ ಮೇಲ್ತುದಿ ಚೆನ್ನಾಗಿ ತಿನ್ನಬಲ್ಲವರಿಗೆ, ಕೆಳತುದಿ ಹೊಟ್ಟೆ ನಾಜೂಕಾದವರಿಗೆ. ಎಫ್‌ಟಿಪಿಯನ್ನೂ ಏರೊ ಭಂಗಿಯಲ್ಲೇ ಅಳೆದಿರಬೇಕು. ನೆಟ್ಟಗೆ ಕೂತು ತೆಗೆದ ಅಂಕಿ ಹಲವರಿಗೆ ಕೆಲವು ವ್ಯಾಟ್ ಹೆಚ್ಚೇ ಬರುತ್ತದೆ. ಆ ಸುಳ್ಳು ಆರು ಗಂಟೆಯ ಉದ್ದಕ್ಕೂ ಬೆನ್ನು ಹತ್ತುತ್ತದೆ.

ಪವರ್ ಮೀಟರ್ ಇಲ್ಲದವರಿಗೆ ದಾರಿ ಇಲ್ಲವೆಂದಲ್ಲ. ಉದ್ದ ಅಭ್ಯಾಸದ ನಾಲ್ಕನೇ ಗಂಟೆಯಲ್ಲೂ ಮೇಲಕ್ಕೆ ಜಾರದೆ ನಿಂತ ಹೃದಯ ಬಡಿತ ಯಾವುದೋ ಅದೇ ಮಿತಿ. ಪೂರ್ತಿ ವಾಕ್ಯವನ್ನು ಏದುಸಿರಿಲ್ಲದೆ ಆಡುವಂತಿರಬೇಕು.

ಮೊದಲ ಗಂಟೆ

ಹಾಳಾಗುವ ಸವಾರಿಗಳು ಸಾಮಾನ್ಯವಾಗಿ ಹಾಳಾಗುವುದು ಮೊದಲ ಗಂಟೆಯಲ್ಲಿ, ಗೊತ್ತಾಗುವುದು ನಾಲ್ಕನೇ ಗಂಟೆಯಲ್ಲಿ. ಅಂಥ ಒಂದು ಸವಾರಿಯ ಪವರ್ ಫೈಲನ್ನು ತೆರೆದು 45 ಕಿ.ಮೀ.ಗಳ ನಾಲ್ಕು ತುಂಡು ಮಾಡಿ ನೋಡಿದರೆ ಮಾದರಿ ಎದ್ದು ಕಾಣುತ್ತದೆ. ಮೊದಲ ತುಂಡಿನಲ್ಲಿ ಗುರಿಗಿಂತ 15–20 ವ್ಯಾಟ್ ಹೆಚ್ಚು. ಎರಡನೆಯದರಲ್ಲಿ ಗುರಿಗೆ ಸರಿಯಾಗಿ, ಆದರೆ ಹೃದಯ ಬಡಿತ ಮೊದಲಿನಷ್ಟೇ. ಮೂರನೆಯದರಲ್ಲಿ ವ್ಯಾಟ್ ಹತ್ತು ಕೆಳಗೆ. ನಾಲ್ಕನೆಯದರಲ್ಲಿ ಗೆರೆ ಹಲ್ಲು ಮುರಿದ ಬಾಚಣಿಗೆಯಂತೆ: ಎರಡು ನಿಮಿಷ ತುಳಿತ, ಹತ್ತು ಸೆಕೆಂಡ್ ಸೊನ್ನೆ, ಮತ್ತೆ ತುಳಿತ, ಮತ್ತೆ ಸೊನ್ನೆ. ಆ ಸೊನ್ನೆಗಳು ಬೆನ್ನು ನೆಟ್ಟಗೆ ಮಾಡಿಕೊಂಡ ಗಳಿಗೆಗಳು, ಬಾಟಲಿ ಕೈಗೆತ್ತಿಕೊಂಡು ಕುಡಿಯದೆ ವಾಪಸ್ ಇಟ್ಟ ಗಳಿಗೆಗಳು. ಸರಾಸರಿ ನೋಡಿದರೆ ಸವಾರ ಗುರಿ ಮುಟ್ಟಿದ್ದಾನೆ. ಸರಾಸರಿಯನ್ನು ನಂಬಬಾರದು ಎನ್ನುವುದು ಇದಕ್ಕೇ.

ಮೊದಲ ಗಂಟೆ ಏಕೆ ಮೋಸ ಮಾಡುತ್ತದೆ? ರೇಸಿಗೆ ಮುಂಚಿನ ಎರಡು ಮೂರು ವಾರ ಅಭ್ಯಾಸ ತಗ್ಗಿಸಿ ಕಾಲು ತಾಜಾ ಆಗಿರುತ್ತದೆ. 3.8 ಕಿ.ಮೀ. ಈಜಿ, ನೀರಿನಿಂದ ಎದ್ದು ಓಡಿ ಬಂದ ಹೃದಯ ಮೇಲೆಯೇ ಬಡಿಯುತ್ತಿರುತ್ತದೆ, ಹಾಗಾಗಿ ಬಡಿತ ಹೆಚ್ಚು ಕಂಡರೂ 'ಈಜಿನದ್ದು, ಇಳಿಯುತ್ತದೆ' ಎಂದು ಬಿಟ್ಟುಬಿಡುತ್ತೇವೆ. ಪಕ್ಕದಲ್ಲಿ ಎಲ್ಲರೂ ದಾಟಿ ಹೋಗುತ್ತಿರುತ್ತಾರೆ. ಗುರಿಯ ವ್ಯಾಟ್ ಈ ಗಂಟೆಯಲ್ಲಿ ಹಾಸ್ಯಾಸ್ಪದವಾಗುವಷ್ಟು ಸುಲಭ ಅನಿಸಬೇಕು. ಅನಿಸದಿದ್ದರೆ ಗುರಿಯೇ ತಪ್ಪು. ಮೊದಲ 30 ನಿಮಿಷ ಗುರಿಗಿಂತ 5–10 ವ್ಯಾಟ್ ಕೆಳಗೆ ಇರುವುದು ಉತ್ತಮ. ಕಳೆದುಕೊಳ್ಳುವುದು ಒಂದು ನಿಮಿಷವೂ ಇಲ್ಲ, ಆದರೆ ಆ ಅರ್ಧ ಗಂಟೆಯಲ್ಲಿ ಹೊಟ್ಟೆ ಕೆಲಸಕ್ಕೆ ಕೂರುತ್ತದೆ.

ತಿನ್ನುವುದೂ ಹಾಗೆಯೇ. ಈಜುವಾಗ ಗಾಳಿಯನ್ನೂ ಸ್ವಲ್ಪ ನೀರನ್ನೂ ನುಂಗಿರುತ್ತೇವೆ. ಸಮುದ್ರವಾದರೆ ಉಪ್ಪು ಬೇರೆ. ಸೈಕಲ್ ಹತ್ತಿದ ತಕ್ಷಣ ಜೆಲ್ ಹಿಂಡಿಕೊಳ್ಳುವುದು ಬೇಡ. ಮೊದಲ 10–15 ನಿಮಿಷ ಬರೀ ನೀರಿನ ಗುಟುಕು, ತೇಗು ಬಂದರೆ ಬರಲಿ. ಬಡಿತ ಇಳಿಯಲು ತೊಡಗಿದಾಗ ಶುರು ಮಾಡಬೇಕು. ಹಾಗೆಂದು ಒಂದು ಗಂಟೆ ಕಾಯುವುದೂ ತಪ್ಪು. ಹಸಿವಾದಾಗ ತಿನ್ನೋಣ ಎನ್ನುವವರಿಗೆ ಹಸಿವು ಬರುವ ಹೊತ್ತಿಗೆ 60–70 ಗ್ರಾಂ ಬಾಕಿ ಬಿದ್ದಿರುತ್ತದೆ. ಒಮ್ಮೆ ಬಿದ್ದ ಬಾಕಿಯನ್ನು ಮುಂದಿನ ಗಂಟೆಯಲ್ಲಿ ದುಪ್ಪಟ್ಟು ತಿಂದು ತೀರಿಸಲು ಆಗುವುದಿಲ್ಲ, ಕರುಳು ಹೀರುವ ವೇಗಕ್ಕೆ ಮಿತಿ ಇದೆ.

ಏರು, ಎದುರುಗಾಳಿ ಮತ್ತು ಪಕ್ಕದವರು

ಐದು ನಿಮಿಷ 260 ವ್ಯಾಟ್, ಐದು ನಿಮಿಷ 120 ವ್ಯಾಟ್, ಹೀಗೇ ಮಾಡುತ್ತ ಹೋದರೆ ಸರಾಸರಿ 190. ಆದರೆ ಸ್ನಾಯುಗಳಿಗೆ ಬಿದ್ದ ಪೆಟ್ಟು 190ರದ್ದಲ್ಲ. ನಾರ್ಮಲೈಸ್ಡ್ ಪವರ್ ಎನ್ನುವ ಅಂಕಿ ಪ್ರತಿ 30 ಸೆಕೆಂಡಿನ ಚಲಿಸುವ ಸರಾಸರಿಯನ್ನು ನಾಲ್ಕನೇ ಘಾತಕ್ಕೆ ಏರಿಸಿ ಲೆಕ್ಕ ಹಾಕುತ್ತದೆ. ಅದರ ಪ್ರಕಾರ ಈ ತುಳಿತದ ಬೆಲೆ ಸುಮಾರು 220 ವ್ಯಾಟ್. ಎರಡರ ಅನುಪಾತ 1.16. ಸಮತಟ್ಟಾದ ದಾರಿಯಲ್ಲಿ ಇದು 1.05ರ ಒಳಗಿರಬೇಕು. ಗುಡ್ಡಗಾಡಿನ ದಾರಿಯಲ್ಲಿ ತುಸು ಮೇಲೆ ಹೋದರೆ ತಪ್ಪಿಲ್ಲ. ಎಫ್‌ಟಿಪಿ ದಾಟಿದ ಪ್ರತಿ ನಿಮಿಷವೂ ಗ್ಲೈಕೋಜನ್ನನ್ನು ವಿಪರೀತ ವೇಗದಲ್ಲಿ ಸುಡುತ್ತದೆ, ಅದೂ ಓಟಕ್ಕೆ ಬೇಕಾದ ಅದೇ ಸ್ನಾಯುನಾರುಗಳಲ್ಲಿ.

ಹಾಗಾಗಿ ಏರಿಗೆ ಒಂದು ಛಾವಣಿ ಹಾಕಿಕೊಳ್ಳಬೇಕು. ಉದ್ದದ ಏರಿನಲ್ಲಿ ಎಫ್‌ಟಿಪಿಯ ಶೇ. 80, ಚಿಕ್ಕ ಕಡಿದಾದ ಏರಿನಲ್ಲಿ ಶೇ. 85–90, ಅದರ ಮೇಲೆ ಬೇಡ. ಇದು ಸಾಧ್ಯವಾಗುವುದು ಗೇರ್ ಇದ್ದರೆ ಮಾತ್ರ. ಕಡಿದಾದ ಏರಿನಲ್ಲಿ ಹಿಂದಿನ ದೊಡ್ಡ ಹಲ್ಲುಚಕ್ರ ಸಾಲದೆ ಕ್ಯಾಡೆನ್ಸ್ (ನಿಮಿಷಕ್ಕೆ ಪೆಡಲಿನ ಸುತ್ತು) 55ಕ್ಕೆ ಇಳಿದರೆ ಎಷ್ಟೇ ಶಿಸ್ತಿದ್ದರೂ ವ್ಯಾಟ್ ಛಾವಣಿ ಒಡೆದು ಹೋಗುತ್ತದೆ. ರೇಸಿನ ದಾರಿಯ ಅತಿ ಕಡಿದಾದ ತುಂಡನ್ನು ನೋಡಿಕೊಂಡೇ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಆರಿಸಬೇಕು. 28 ಹಲ್ಲಿನ ಬದಲು 32 ಅಥವಾ 34 ಹಾಕಿಸಿಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ತುದಿ ಮುಟ್ಟಿದ ಮೇಲೆ ತುಳಿತ ನಿಲ್ಲಿಸದೆ ಇಳಿಜಾರಿನ ಮೊದಲ ನೂರು ಮೀಟರ್ ಗುರಿಯ ವ್ಯಾಟಿನಲ್ಲೇ ವೇಗ ಹಿಡಿಯಬೇಕು. ಗಂಟೆಗೆ 50 ಕಿ.ಮೀ. ದಾಟಿದ ಮೇಲೆ ತುಳಿದು ಪ್ರಯೋಜನ ಕಡಿಮೆ. ಮೈ ಮಡಚಿ ಕೂತು ಇಳಿದರೆ ಸಾಕು. ತಿರುವುಗಳಿಲ್ಲದ ಇಳಿಜಾರಾದರೆ ಒಂದು ಗುಟುಕು ಕುಡಿಯಲೂ ಇದೇ ಹೊತ್ತು, ಕಾಲಿಗೆ ಕೆಲಸವಿಲ್ಲ, ಉಸಿರು ಹಗುರ. ಏರಿನ ಬುಡದಲ್ಲಿ ಜೆಲ್ ತಿಂದವರು ಅದನ್ನು ಅರ್ಧ ಏರಿನಲ್ಲಿ ಗಂಟಲಲ್ಲೇ ಹೊತ್ತಿರುತ್ತಾರೆ.

ಎದುರುಗಾಳಿಯಲ್ಲಿ ಗುರಿಗಿಂತ ನಾಲ್ಕೈದು ವ್ಯಾಟ್ ಹೆಚ್ಚು, ಹಿಂಗಾಳಿಯಲ್ಲಿ ಅಷ್ಟೇ ಕಡಿಮೆ. ಇದಕ್ಕಿಂತ ಹೆಚ್ಚು ಜಾಣತನ ಬೇಡ. ಗಾಳಿಯ ಎದುರು ವೇಗ ನೋಡಿ ಕಂಗಾಲಾಗಿ ತುಳಿಯುವುದೇ ದೊಡ್ಡ ಅಪಾಯ. ಪರದೆಯಿಂದ ವೇಗದ ಅಂಕಿಯನ್ನೇ ತೆಗೆದುಹಾಕುವುದು ಒಳ್ಳೆಯ ಅಭ್ಯಾಸ ಎಂದು ನನಗನ್ನಿಸುತ್ತದೆ. 3 ಸೆಕೆಂಡಿನ ಪವರ್, ಲ್ಯಾಪಿನ ಸರಾಸರಿ, ಹೃದಯ ಬಡಿತ, ಕಳೆದ ಸಮಯ. ಇಷ್ಟು ಸಾಕು.

ಇನ್ನು ಪಕ್ಕದವರು. ಡ್ರಾಫ್ಟಿಂಗ್ (ಮುಂದಿನವರ ಬೆನ್ನಿಗೆ ಗಾಳಿಯ ಮರೆಯಲ್ಲಿ ತುಳಿಯುವುದು) ನಿಷೇಧವಿರುವ ಈ ದೂರದ ರೇಸುಗಳಲ್ಲಿ ಸಾಮಾನ್ಯ ಸ್ಪರ್ಧಿಗಳಿಗೆ ಮುಂದಿನ ಸೈಕಲ್ಲಿನಿಂದ 12 ಮೀಟರ್ ಅಂತರ ಇರುತ್ತದೆ, ಅದರೊಳಗೆ ಕಾಲಿಟ್ಟರೆ 25 ಸೆಕೆಂಡಿನಲ್ಲಿ ದಾಟಿಬಿಡಬೇಕು. ದಾಟುವುದೆಂದರೆ ಅರ್ಧ ನಿಮಿಷದ ಸಿಡಿತ. ದಾಟಿಸಿಕೊಂಡವನು ಹಿಂದೆ ಸರಿದು ಅಂತರ ಬಿಡಬೇಕು. ಅದನ್ನು ಬಿಟ್ಟು ಮರುಕ್ಷಣವೇ ಮತ್ತೆ ದಾಟಿದರೆ ಇಬ್ಬರೂ ಒಂದು ಗಂಟೆ ಹೀಗೇ ಕಿತ್ತಾಡುತ್ತ ಹೋಗುತ್ತಾರೆ. ಒಬ್ಬರ ಜೊತೆ ಮೂರನೇ ಬಾರಿ ಹೀಗಾಗುತ್ತಿದೆ ಎಂದು ಕಂಡರೆ ಎರಡು ನಿಮಿಷ ವ್ಯಾಟ್ ಇಳಿಸಿ, ನೀರು ಕುಡಿದು, ಅವರನ್ನು ಹೋಗಲು ಬಿಡುವುದೇ ಲಾಭ.

ಬಾಟಲಿಯೊಳಗೆ

ಕರುಳಿನ ಗೋಡೆಯಲ್ಲಿ ಗ್ಲೂಕೋಸ್‌ಗೆ ಒಂದು ಬಾಗಿಲು, ಫ್ರಕ್ಟೋಸ್‌ಗೆ ಇನ್ನೊಂದು. ಗ್ಲೂಕೋಸಿನ ಬಾಗಿಲಿನಿಂದ ಗಂಟೆಗೆ ಸುಮಾರು 60 ಗ್ರಾಂ ಮಾತ್ರ ಒಳಹೋಗುತ್ತದೆ. ಮಾಲ್ಟೊಡೆಕ್ಸ್ಟ್ರಿನ್ ಎಂಬ ಪಿಷ್ಟದ ಪುಡಿ ಕೂಡ ಒಡೆದು ಗ್ಲೂಕೋಸ್ ಆಗುವುದರಿಂದ ಅದೂ ಇದೇ ಸರದಿಯಲ್ಲಿ ನಿಲ್ಲಬೇಕು. 60ಕ್ಕಿಂತ ಹೆಚ್ಚು ಬೇಕೆಂದರೆ ಫ್ರಕ್ಟೋಸ್ ಬೆರೆಸಲೇಬೇಕು. ಗ್ಲೂಕೋಸ್ ಎರಡಕ್ಕೆ ಫ್ರಕ್ಟೋಸ್ ಒಂದು ಹಳೆಯ ಅನುಪಾತ, ಒಂದಕ್ಕೆ 0.8 ಈಚಿನದು. ಗಂಟೆಗೆ 75 ಗ್ರಾಂ ಗುರಿಯಾದರೆ 42 ಗ್ರಾಂ ಮಾಲ್ಟೊಡೆಕ್ಸ್ಟ್ರಿನ್, 33 ಗ್ರಾಂ ಫ್ರಕ್ಟೋಸ್. ಸಾದಾ ಸಕ್ಕರೆ ಹುಟ್ಟಿನಿಂದಲೇ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್, ಆದ್ದರಿಂದ ಅದೂ ನಡೆಯುತ್ತದೆ. ಸಿಹಿ ಮಾತ್ರ ಹೆಚ್ಚು, ಐದು ಗಂಟೆ ಆ ಸಿಹಿಯನ್ನು ಸಹಿಸಬೇಕು. ಈಗ ವೃತ್ತಿಪರರು ಗಂಟೆಗೆ 120 ಗ್ರಾಂ ತಿನ್ನುತ್ತಾರೆ ಎಂದು ಕೇಳಿ ಅದನ್ನೇ ಹಿಡಿಯುವವರಿದ್ದಾರೆ. ಅವರು ತುಳಿಯುವ ವ್ಯಾಟ್ ಬೇರೆ, ಖರ್ಚು ಬೇರೆ, ಹೊಟ್ಟೆಯನ್ನು ಅದಕ್ಕೆ ಪಳಗಿಸಿದ ತಿಂಗಳುಗಳು ಬೇರೆ. 150 ವ್ಯಾಟ್ ತುಳಿಯುವವರಿಗೆ 120 ಗ್ರಾಂ ಎಂದರೆ ಸುಡುವುದಕ್ಕಿಂತ ಹೆಚ್ಚನ್ನು ಹೊಟ್ಟೆಗೆ ತುಂಬಿದಂತೆ.

ಆರು ಗಂಟೆಗೆ 75ರಂತೆ ಒಟ್ಟು 450 ಗ್ರಾಂ. ಇದನ್ನು ಹೀಗೆ ಹಂಚಬಹುದು: 250 ಗ್ರಾಂ ಒಂದು ಗಟ್ಟಿ ಬಾಟಲಿಯಲ್ಲಿ, 200 ಗ್ರಾಂ 25 ಗ್ರಾಮಿನ ಎಂಟು ಜೆಲ್‌ಗಳಲ್ಲಿ. 750 ಮಿಲಿ ಬಾಟಲಿಗೆ ಅರ್ಧ ಬೆಚ್ಚಗಿನ ನೀರು, ಪುಡಿಯಲ್ಲಿ ಅರ್ಧ, ಚೆನ್ನಾಗಿ ಕುಲುಕಿ ಹತ್ತು ನಿಮಿಷ ಬಿಟ್ಟು ಉಳಿದರ್ಧ. ಒಮ್ಮೆಗೇ ಸುರಿದರೆ ಗಂಟು ಕಟ್ಟಿ ಮೂತಿಗೆ ಸಿಕ್ಕಿಕೊಳ್ಳುತ್ತದೆ. ತಣ್ಣಗಾದ ಮೇಲೆ ಫ್ರಿಜ್‌ಗೆ. ಬಾಟಲಿಯ ಮೈಮೇಲೆ ಮಾರ್ಕರ್‌ನಿಂದ ಆರು ಸಮಪಾಲಿನ ಗೆರೆ, ಗಂಟೆಗೊಂದು ಗೆರೆ ಇಳಿಯಬೇಕು. ಜೆಲ್ 45 ನಿಮಿಷಕ್ಕೊಂದು. ಸೈಕಲ್ ಕಂಪ್ಯೂಟರಿನಲ್ಲಿ 15 ನಿಮಿಷದ ಅಲಾರಾಂ ಇಟ್ಟುಕೊಂಡರೆ ಮೊದಲ ಸಲ ಬಾಟಲಿಯ ಗುಟುಕಿನ ಜೊತೆ ಜೆಲ್, ಮುಂದಿನ ಎರಡು ಸಲ ಬಾಟಲಿ ಮಾತ್ರ, ಮತ್ತೆ ಇದೇ ಸರದಿ. ನೆನಪಿಗೆ ಬಿಟ್ಟರೆ ಮೂರನೇ ಗಂಟೆಯ ನಂತರ ನೆನಪೇ ಇರುವುದಿಲ್ಲ.

ಆ ಬಾಟಲಿಯೊಳಗಿನದು ಶೇ. 33ರ ಪಾಕ. ಹಾಗೇ ಕುಡಿದರೆ ಹೊಟ್ಟೆಯಲ್ಲಿ ನಿಂತುಬಿಡುತ್ತದೆ. ಪ್ರತಿ ಗುಟುಕಿನ ಬೆನ್ನಿಗೆ ಮೂರು ನಾಲ್ಕು ಗುಟುಕು ಸಾದಾ ನೀರು ಹೋಗಬೇಕು, ಗಂಟೆಗೆ ಒಟ್ಟು 600–700 ಮಿಲಿಗೆ ಕಡಿಮೆಯಿಲ್ಲದಂತೆ. ಜೆಲ್ ಮೇಲೆ ನೀರು ಕುಡಿಯಬೇಕು, ಸ್ಪೋರ್ಟ್ಸ್ ಡ್ರಿಂಕ್ ಅಲ್ಲ. ಎಲ್ಲರೂ ಕೇಳಿರುವ, ಎಲ್ಲರೂ ಮುರಿಯುವ ನಿಯಮ ಇದು. ನೀರಿನ ಕೇಂದ್ರದಲ್ಲಿ ಕೈಗೆ ಸಿಕ್ಕ ಬಾಟಲಿ ಯಾವುದೆಂದು ನೋಡದೆ ಹಿಡಿದುಕೊಂಡು ಹೋಗುವುದರಿಂದ ಹೀಗಾಗುತ್ತದೆ. ವೇಗವನ್ನು 20 ಕಿ.ಮೀ.ಗೆ ಇಳಿಸಿ, 'ನೀರು' ಎಂದು ದೂರದಿಂದಲೇ ಕೂಗಿ, ಹಿಡಿದಿರುವ ಸ್ವಯಂಸೇವಕರ ಕಣ್ಣು ನೋಡಿ ತೆಗೆದುಕೊಳ್ಳಬೇಕು.

ಗಟ್ಟಿ ಬಾಟಲಿ ಎಲ್ಲಿರಬೇಕು ಎಂಬುದೂ ಮುಖ್ಯ. ಸೀಟಿನ ಹಿಂದಿನ ಕೇಜ್‌ಗಳಿಂದ (ಬಾಟಲಿ ಹಿಡಿಕೆ) ಬಾಟಲಿ ಹಾರುವುದು ಮಾಮೂಲು: ತೋಳು ಉದ್ದ, ಕೋನ ಓರೆ, ಒಂದು ಗುಂಡಿ ಸಾಕು. ಮುಂದೆ ಹೋದಮೇಲೆಯೇ ಗೊತ್ತಾಗುತ್ತದೆ. ದಿನದ ಅರ್ಧಕ್ಕಿಂತ ಹೆಚ್ಚು ಕಾರ್ಬ್ ಇರುವ ಬಾಟಲಿಯನ್ನು ಅಲ್ಲಿಡಬಾರದು. ಅದು ಫ್ರೇಮಿನೊಳಗಿನ ಕೇಜ್‌ನಲ್ಲಿರಲಿ, ಹಿಂದೆ ಸಾದಾ ನೀರಿರಲಿ. ನೀರು ಹಾರಿದರೆ ಮುಂದಿನ ಕೇಂದ್ರದಲ್ಲಿ ಸಿಗುತ್ತದೆ. ಇಷ್ಟಾದರೂ ಬಾಟಲಿ ಹೋಗಿಬಿಡಬಹುದು ಎಂದು ಎರಡು ಹೆಚ್ಚುವರಿ ಜೆಲ್ ಇಟ್ಟುಕೊಳ್ಳಬೇಕು. ಸ್ಪೆಷಲ್ ನೀಡ್ಸ್ ಚೀಲ (ದಾರಿಯ ನಡುವೆ ಸಿಗುವಂತೆ ಮೊದಲೇ ಕೊಟ್ಟಿಡುವ ನಮ್ಮದೇ ಚೀಲ) ಇರುವ ರೇಸಾದರೆ ಅರ್ಧ ದಾರಿಗೆ ಎರಡನೇ ಗಟ್ಟಿ ಬಾಟಲಿ ಇಡಬಹುದು. ಜೆಲ್‌ಗಳನ್ನು ಫ್ರೇಮಿಗೆ ಅಂಟಿಸುವುದಾದರೆ ಹರಿಯುವ ತುದಿ ಟೇಪಿನ ಅಡಿಗೆ ಬರಲಿ, ಎಳೆದಾಗಲೇ ಬಾಯಿ ತೆರೆದುಕೊಳ್ಳುತ್ತದೆ. ಬೆವರಿನ ಕೈಯಲ್ಲಿ ಹಲ್ಲಿನಿಂದ ಕಚ್ಚಿ ಹರಿಯುವ ಕಷ್ಟ ತಪ್ಪುತ್ತದೆ.

ಬೆವರು ಮತ್ತು ಉಪ್ಪು

ಬೆವರಿನ ಪ್ರಮಾಣವನ್ನು ಊಹಿಸಬೇಡಿ, ತೂಗಿ. ರೇಸಿನ ಹವಾಮಾನಕ್ಕೆ ಹತ್ತಿರದ ದಿನ, ರೇಸಿನ ವ್ಯಾಟಿನಲ್ಲಿ ಒಂದು ಗಂಟೆ. ಮೊದಲು 72.0 ಕೆ.ಜಿ., ಮೈ ಒರೆಸಿಕೊಂಡ ಮೇಲೆ 71.2, ನಡುವೆ ಕುಡಿದದ್ದು 600 ಮಿಲಿ ಎಂದಾದರೆ ಬೆವರು 1.4 ಲೀಟರ್. ಇದೆಲ್ಲವನ್ನೂ ಮರಳಿ ತುಂಬಬೇಕಿಲ್ಲ, ತುಂಬಲೂ ಆಗುವುದಿಲ್ಲ. ಮೂರನೇ ಎರಡರಷ್ಟು ಕುಡಿದರೆ ಆಯಿತು. ಸೋಡಿಯಂ ಒಬ್ಬೊಬ್ಬರ ಬೆವರಿನಲ್ಲಿ ಒಂದೊಂದು ಥರ, ಲೀಟರಿಗೆ ಕೆಲವರಲ್ಲಿ 300 ಮಿ.ಗ್ರಾಂ., ಕೆಲವರಲ್ಲಿ 1500 ದಾಟುತ್ತದೆ. ಬಟ್ಟೆಯ ಮೇಲೆ ಬಿಳಿ ಪದರ ಕಟ್ಟುವವರು ಮೇಲಿನ ಸಾಲಿಗೆ ಸೇರಿದವರು. ಶುರುವಿಗೆ ಗಂಟೆಗೆ 500–700 ಮಿ.ಗ್ರಾಂ. ಸರಿಯಾದ ಜಾಗ. ಒಂದು ಗ್ರಾಂ ಅಡುಗೆ ಉಪ್ಪಿನಲ್ಲಿ ಸೋಡಿಯಂ ಸುಮಾರು 400 ಮಿ.ಗ್ರಾಂ. ಮಾತ್ರ, ಈ ಎರಡನ್ನು ಒಂದೇ ಎಂದುಕೊಂಡು ಅರ್ಧಕ್ಕಿಂತ ಕಡಿಮೆ ತೆಗೆದುಕೊಳ್ಳುವವರು ಬಹಳ ಮಂದಿ.

ಬಾಯಾರಿಕೆ ಇಲ್ಲದಿದ್ದರೂ ಲೀಟರುಗಟ್ಟಲೆ ನೀರು ಸುರಿದುಕೊಳ್ಳುವುದು ಕಡಿಮೆ ಕುಡಿಯುವುದಕ್ಕಿಂತ ಅಪಾಯ. ರಕ್ತದ ಸೋಡಿಯಂ ಇಳಿದರೆ ತಲೆನೋವು, ವಾಕರಿಕೆ, ಊದಿಕೊಂಡ ಬೆರಳು, ಆಮೇಲೆ ಗೊಂದಲ. ಪ್ರಾಣಕ್ಕೇ ಕುತ್ತು ಬರಬಹುದು. ಉಂಗುರ, ವಾಚಿನ ಪಟ್ಟಿ ಬಿಗಿಯಾಗುತ್ತಿದ್ದರೆ ನೀರು ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಜೇಬಿನಲ್ಲಿ ಬೇಡವೇ ಬೇಡ. ನೀರಿಲ್ಲದ ಮೂತ್ರಪಿಂಡಕ್ಕೂ ರಕ್ತ ಕಡಿಮೆಯಾದ ಕರುಳಿಗೂ ಅದು ದುಬಾರಿ.

ಹೊಟ್ಟೆ ಮಾತಾಡಿದಾಗ

'ಹೊಟ್ಟೆ ಕೆಟ್ಟಿತು' ಎಂಬ ಒಂದೇ ಮಾತಿನಲ್ಲಿ ಬೇರೆ ಬೇರೆ ತೊಂದರೆಗಳು ಅಡಗಿವೆ, ಪರಿಹಾರವೂ ಬೇರೆ ಬೇರೆ. ಮೇಲ್ಹೊಟ್ಟೆಯಲ್ಲಿ ಕುಳುಕುಳು ಸದ್ದು, ತೇಗು, ಕುಡಿದದ್ದೆಲ್ಲ ಗಂಟಲವರೆಗೆ ನಿಂತ ಅನುಭವವಾದರೆ ಹೊಟ್ಟೆ ಖಾಲಿಯಾಗುತ್ತಿಲ್ಲ ಎಂದರ್ಥ. ಪಾಕ ಗಟ್ಟಿಯಾಯಿತು, ಇಲ್ಲವೇ ತುಳಿತ ಹೆಚ್ಚಾಯಿತು, ಇಲ್ಲವೇ ಮೈ ಕಾದಿದೆ. ಮೂರಕ್ಕೂ ಮೊದಲ ಮದ್ದು ಒಂದೇ: 10–15 ನಿಮಿಷ ಎಫ್‌ಟಿಪಿಯ ಶೇ. 55–60ಕ್ಕೆ ಇಳಿಯುವುದು, ತಿನ್ನುವುದನ್ನು ನಿಲ್ಲಿಸಿ ಸಾದಾ ನೀರಿನ ಸಣ್ಣ ಗುಟುಕು, ತಲೆ ಮತ್ತು ಕುತ್ತಿಗೆಯ ಮೇಲೆ ನೀರು. ಸದ್ದು ನಿಂತ ಮೇಲೆ ಅರ್ಧ ಪ್ರಮಾಣದಿಂದ ಮತ್ತೆ ಶುರು. ಈ ಕಾಲು ಗಂಟೆಗೆ ತೆರುವುದು ಒಂದೆರಡು ನಿಮಿಷ. ತೆರಲು ಒಪ್ಪದೆ ಗುರಿಯ ವ್ಯಾಟಿಗೆ ಅಂಟಿಕೊಂಡವರು ವಾಂತಿ ಮಾಡಿಕೊಂಡು ಎಲ್ಲವನ್ನೂ ಕಳೆದುಕೊಳ್ಳುತ್ತಾರೆ.

ಕೆಳಹೊಟ್ಟೆಯಲ್ಲಿ ಹಿಂಡಿದಂತೆ ನೋವು, ಗಾಳಿ, ಬಹಿರ್ದೆಸೆಯ ಅವಸರ ಬಂದರೆ ಅದು ಹೀರಿಕೊಳ್ಳದೆ ಉಳಿದ ಸಕ್ಕರೆ, ಹೆಚ್ಚಾಗಿ ಫ್ರಕ್ಟೋಸ್, ಇಲ್ಲವೇ ಹಿಂದಿನ ದಿನ ತಿಂದ ನಾರು. ಅಂಥವರು ಎರಡಕ್ಕೆ ಒಂದರ ಅನುಪಾತಕ್ಕೆ ಮರಳಬೇಕು, ಕೊನೆಯ ಎರಡು ದಿನ ಹಸಿ ತರಕಾರಿ, ಕಾಳು, ಸಿಪ್ಪೆಯ ಹಣ್ಣು ಬಿಡಬೇಕು. ಇನ್ನು ಹೊಟ್ಟೆಗೆ ಏನೂ ಆಗಿಲ್ಲ, ಬಾಯಿಗೆ ಬೇಡವಾಗಿದೆ ಎನ್ನುವ ಸ್ಥಿತಿ. ಐದನೇ ಜೆಲ್ಲಿನ ವಾಸನೆಗೇ ಗಂಟಲು ಮುಚ್ಚುತ್ತದೆ. ಇದು ರುಚಿಯ ಸುಸ್ತು. ಎರಡು ರುಚಿ, ಅದರಲ್ಲೊಂದು ಏನೂ ರುಚಿಯಿಲ್ಲದ್ದು, ಮಧ್ಯೆ ಒಂದು ತುಣುಕು ಉಪ್ಪಿನ ತಿಂಡಿ ಇದ್ದರೆ ದಾಟಿಹೋಗುತ್ತದೆ. ಅಗಿಯುವಂಥದ್ದು ಬೇಕೆನ್ನುವವರು ಅದನ್ನು ಮೊದಲ ಮೂರು ಗಂಟೆಯೊಳಗೇ ಮುಗಿಸಬೇಕು.

ವ್ಯಾಟ್ ಅಷ್ಟೇ ಇದ್ದು ಬಡಿತ ಏರುತ್ತಿದ್ದರೆ ಶಾಖ, ಇಲ್ಲವೇ ನೀರಿನ ಕೊರತೆ. ವ್ಯಾಟೂ ಇಳಿದು ಬಡಿತವೂ ಇಳಿದು, ಆದರೂ ಕಷ್ಟ ಹೆಚ್ಚಾಗುತ್ತಿದ್ದರೆ ಇಂಧನ ತೀರುತ್ತಿದೆ. ವಿನಾಕಾರಣ ಸಿಟ್ಟು, 'ಇದೆಲ್ಲ ಯಾಕೆ ಬೇಕು' ಎಂಬ ಯೋಚನೆ, ಮುಂದಿನ ತಿರುವು ನೆನಪಾಗದಿರುವುದು ಇದರ ಗುರುತುಗಳು. ಯಾವುದೋ ಒಂದನ್ನು ಇನ್ನೊಂದೆಂದು ತಿಳಿದು ಶಾಖಕ್ಕೆ ಜೆಲ್, ಹಸಿವಿಗೆ ನೀರು ಕೊಟ್ಟರೆ ಎರಡೂ ಹದಗೆಡುತ್ತವೆ. ಬಹಳ ಸೆಖೆಯ ದಿನ ಗುರಿಯನ್ನೇ ಶೇ. 5ರಿಂದ 10 ಇಳಿಸಿ ಹೊರಡಬೇಕು.

ತಿನ್ನುವುದನ್ನು ಬಿಡುವ ತೀರ್ಮಾನ ದುರ್ಬಲರು ಮಾತ್ರ ಮಾಡುವಂಥದ್ದಲ್ಲ. 1995ರ ಹವಾಯಿ ಐರನ್‌ಮ್ಯಾನ್ ಟ್ರಯಥ್ಲಾನ್‌ನಲ್ಲಿ ಪೌಲಾ ನ್ಯೂಬಿ-ಫ್ರೇಜರ್ ಅಷ್ಟು ಹೊತ್ತಿಗಾಗಲೇ ಏಳು ಸಲ ಗೆದ್ದವರು. ಓಟದಲ್ಲಿ ಮುಂದಿದ್ದರು, ಬೆನ್ನ ಹಿಂದೆ ಕ್ಯಾರನ್ ಸ್ಮೈಯರ್ಸ್ ಹತ್ತಿರವಾಗುತ್ತಿದ್ದರು. ಕ್ಷಣಗಳನ್ನು ಉಳಿಸಲೆಂದು ಕೊನೆಯ ನೀರಿನ ಕೇಂದ್ರಗಳನ್ನು ಬಿಟ್ಟು ಓಡಿದರು. ಗೆರೆ ಕಣ್ಣಳತೆಯಲ್ಲಿರುವಾಗ ಕಾಲು ಸೋತು, ಸ್ಮೈಯರ್ಸ್ ದಾಟಿ ಗೆದ್ದರು. ನ್ಯೂಬಿ-ಫ್ರೇಜರ್ ರಸ್ತೆಯಲ್ಲೇ ಬಿದ್ದು, ಬಹಳ ಹೊತ್ತಿನ ಮೇಲೆ ಎದ್ದು ನಡೆದು ನಾಲ್ಕನೆಯವರಾದರು. ಮರುವರ್ಷ ಅದೇ ದಾರಿಯಲ್ಲಿ ಎಂಟನೇ ಗೆಲುವು ಅವರದಾಯಿತು. ಸೈಕಲ್ ಮೇಲೆ ಇದೇ ತೀರ್ಮಾನ ಇನ್ನೂ ಸುಲಭವಾಗಿ ಆಗಿಬಿಡುತ್ತದೆ, ಏಕೆಂದರೆ ಬಿದ್ದುಹೋಗುವ ಹೊತ್ತು ಇನ್ನೂ ಮೂರು ಗಂಟೆ ದೂರದಲ್ಲಿರುತ್ತದೆ.

ಪಳಗಿಸುವುದು

ಹೊಟ್ಟೆಯೂ ಅಭ್ಯಾಸಕ್ಕೆ ಬಗ್ಗುತ್ತದೆ. ಹೆಚ್ಚು ಕಾರ್ಬ್ ಕೊಡುತ್ತ ಬಂದರೆ ಕರುಳಿನ ಆ ಬಾಗಿಲುಗಳೇ ಹೆಚ್ಚುತ್ತವೆ, ತುಂಬಿದ ಹೊಟ್ಟೆಯಲ್ಲಿ ತುಳಿಯುವುದೂ ರೂಢಿಯಾಗುತ್ತದೆ. ರೇಸಿಗೆ ಎಂಟು ವಾರ ಇರುವಾಗ ವಾರದ ಉದ್ದ ಸವಾರಿಯಲ್ಲಿ ಗಂಟೆಗೆ 50 ಗ್ರಾಂನಿಂದ ಶುರುಮಾಡಿ ವಾರಕ್ಕೆ 5–10 ಗ್ರಾಂ ಏರಿಸಬೇಕು. ಆರಾಮಾಗಿ ತುಳಿಯುತ್ತ 90 ಗ್ರಾಂ ತಿಂದದ್ದು ಲೆಕ್ಕಕ್ಕಿಲ್ಲ. ರೇಸಿನ ವ್ಯಾಟಿನಲ್ಲಿ, ಹೊಟ್ಟೆ ಮಡಚಿದ ಏರೊ ಭಂಗಿಯಲ್ಲಿ ತಿನ್ನಬೇಕು, ಇಳಿದ ಕೂಡಲೇ 30 ನಿಮಿಷ ಓಡಿ ನೋಡಬೇಕು. ಸೈಕಲ್ ಮೇಲೆ ಸುಮ್ಮನಿದ್ದದ್ದು ಓಟದ ಕುಲುಕಾಟದಲ್ಲಿ ಬಾಯಿಬಿಡುತ್ತದೆ.

ಕೊನೆಯ 40 ಕಿ.ಮೀ.

ಇಲ್ಲಿಂದ ವ್ಯಾಟ್ ಏರಿಸುವ ಆಸೆ ಬಂದರೆ ಬಡಿತ ನೋಡಿ. ಎರಡನೇ ಗಂಟೆಯಲ್ಲಿದ್ದಷ್ಟೇ ಇದ್ದರೆ ಗುರಿಯಲ್ಲೇ ಮುಂದುವರಿಯಿರಿ, ಉಳಿದದ್ದು ಓಟಕ್ಕೆ. ಕೆಫೀನ್ ಬಳಸುವವರು ಇದೇ ಹೊತ್ತಿಗೆ ತೆಗೆದುಕೊಳ್ಳುವುದು ಉಪಯೋಗಕರ. ದಿನಕ್ಕೆ ಒಟ್ಟು ತೂಕದ ಪ್ರತಿ ಕೆ.ಜಿ.ಗೆ 3 ಮಿ.ಗ್ರಾಂ., ಅಂದರೆ 70 ಕೆ.ಜಿ.ಯವರಿಗೆ 200ರ ಆಸುಪಾಸು, ಅದರಲ್ಲಿ ಅರ್ಧ ಈಗ, ಅರ್ಧ ಓಟದ ನಡುವೆ. ಅಭ್ಯಾಸದಲ್ಲಿ ಪರೀಕ್ಷಿಸದಿದ್ದರೆ ಬೇಡ. ಕೊನೆಯ ಜೆಲ್ ಇಳಿಯುವುದಕ್ಕೆ 25–30 ನಿಮಿಷ ಮುಂಚೆ ಮುಗಿದಿರಲಿ, ಆಮೇಲೆ ನೀರು ಮಾತ್ರ. ಕೊನೆಯ 5 ಕಿ.ಮೀ.ನಲ್ಲಿ ಒಂದು ಗೇರ್ ಹಗುರ ಮಾಡಿ ಕ್ಯಾಡೆನ್ಸನ್ನು ನಾಲ್ಕೈದು ಏರಿಸಿ, ಒಂದೆರಡು ಸಲ ಪೆಡಲ್ ಮೇಲೆ ನಿಂತು ಸೊಂಟ ಮತ್ತು ಮೀನಖಂಡ ಚಾಚಿಕೊಳ್ಳಿ. ಓಟದ ಮೊದಲ ಎರಡು ಮೂರು ಕಿ.ಮೀ. ನೀರು ಮತ್ತು ಮಂಜುಗಡ್ಡೆ ಸಾಕು. ಆಮೇಲೆ ಗಂಟೆಗೆ 40ರಿಂದ 60 ಗ್ರಾಂ, ಪ್ರತಿ ಕೇಂದ್ರದಲ್ಲಿ ಸ್ವಲ್ಪ ಸ್ವಲ್ಪ. ಸೈಕಲ್ ಮೇಲೆ 75 ಇಳಿಸಿದವರಿಗೂ ಓಡುವಾಗ ಅಷ್ಟು ಇಳಿಯುವುದಿಲ್ಲ.